ಕರೆಂಟಿನ ಕಾರು ಮತ್ತು ರೇಡಿಯೊದ ಗರಗರ



ಈಚೆಗೆ ನಮ್ಮ ಮುಚ್ಚಂಡಿಯ ಕಟ್ಟೆಯ ಮೇಲೂ ಜತ್ತದ ಪೇಟೆಯಲ್ಲೂ ಕೇಳಿಬರುವ ಪ್ರಶ್ನೆಯೊಂದನ್ನು ಇಂದು ಎತ್ತಿಕೊಂಡಿದ್ದೇನೆ. ಬ್ಯಾಟರಿಯ ಮೇಲೆ ಓಡುವ ಕಾರು ನಮ್ಮ ಗಾಡಿಯ ಪಕ್ಕಕ್ಕೆ ಬಂದು ನಿಂತರೆ ನಮ್ಮ ರೇಡಿಯೊ ಕೆಡುತ್ತದೆಯೇ? ಅದರೊಳಗಿನ ಕರೆಂಟು ಹೊರಗೆ ಹಾರಿ ಬಂದು ಬೇರೆಯವರ ಗಾಡಿಗೆ ಅಡ್ಡಿ ಮಾಡುತ್ತದೆಯೇ? ಕೆಲವರು ಹೌದೆನ್ನುತ್ತಾರೆ, ಕೆಲವರು ಇದೆಲ್ಲ ಗಾಳಿಮಾತು ಅನ್ನುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರ್ ಬರೆದವನು ನಾನು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ಬಾಕಿ ತೆಗೆಯದ ಹೊರತು ನನಗೆ ಸಮಾಧಾನವಿಲ್ಲ. ಈ ಪ್ರಶ್ನೆಗೂ ಹಾಗೆಯೇ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕದ ಆರಂಭದ ಬಾಕಿ ನೂರು ವರ್ಷಕ್ಕೂ ಹಿಂದಿನದು.

ಮೊದಲು ಆ ಸದ್ದಿನ ವಿಚಾರ. ಮರಾಠಿಯಲ್ಲಿ ಅದಕ್ಕೆ ಖರಖರ ಅನ್ನುತ್ತಾರೆ, ನಾವು ಗರಗರ ಅನ್ನುತ್ತೇವೆ. ಹೆಸರು ಯಾವುದಾದರೂ ಕಿವಿಗೆ ಬೀಳುವ ಕಿರಿಕಿರಿ ಒಂದೇ. ಆಕಾಶದಲ್ಲಿ ಮಿಂಚಿದರೆ ರೇಡಿಯೊ 'ಚರ್' ಅನ್ನುತ್ತದೆ. ಬಾವಿಯ ಪಂಪಿನ ಸ್ಟಾರ್ಟರ್ ಒತ್ತಿದರೆ 'ಟಕ್' ಅನ್ನುತ್ತದೆ. ಹಳೆಯ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತಿದ್ದರೆ ಸುದ್ದಿಯ ಅರ್ಧ ಮಾತು ನುಂಗಿಹೋಗುತ್ತದೆ. ದಾಳಿಂಬೆಯ ತೋಟಕ್ಕೆ ಹಂದಿ ಬರದಂತೆ ತಂತಿ ಬೇಲಿಗೆ ಝಟಕಾ ಮಶೀನ್ ಕಟ್ಟಿದ್ದರೆ, ಗಡಿಯಾರ ಇಟ್ಟಂತೆ ರೇಡಿಯೊದಲ್ಲಿ ಟಿಕ್ ಟಿಕ್ ಕೇಳುತ್ತದೆ. ಇವೆಲ್ಲಕ್ಕೂ ಕಾರಣ ಒಂದೇ: ಕರೆಂಟು ಒಮ್ಮೆಲೇ ಜಿಗಿದಾಗ ಅಥವಾ ಒಮ್ಮೆಲೇ ಕಡಿದಾಗ ಸುತ್ತಲೂ ರೇಡಿಯೊ ಅಲೆ ಏಳುತ್ತದೆ.

ಸೋಜಿಗದ ಮಾತೆಂದರೆ ರೇಡಿಯೊ ಹುಟ್ಟಿದ್ದೇ ಇಂಥ ಕಿಡಿಯಿಂದ. 1887ರ ಸುಮಾರಿಗೆ ಜರ್ಮನಿಯ ಹೈನ್ರಿಖ್ ಹರ್ಟ್ಸ್ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿದರು. ತಂತಿಯ ಸಂಬಂಧವೇ ಇಲ್ಲದೆ ದೂರದಲ್ಲಿದ್ದ ಇನ್ನೊಂದು ತಂತಿಯ ಬಳೆಯಲ್ಲಿ ಪುಟ್ಟ ಕಿಡಿ ಕಂಡಿತು. 1895ರಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಇಂಥ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದರು. ಮಾರ್ಕೋನಿಯವರು ಸಮುದ್ರದಾಚೆಗೆ ಸಂದೇಶ ಕಳಿಸಿದ್ದೂ ಕಿಡಿಯ ಯಂತ್ರದಿಂದಲೇ. ಅಂದ ಮೇಲೆ ಗರಗರ ಅನ್ನುವುದು ರೇಡಿಯೊಕ್ಕೆ ಹೊರಗಿನಿಂದ ಬಂದ ಶತ್ರುವಲ್ಲ, ಅದನ್ನು ಹಡೆದ ತಾಯಿ. ಮಗಳ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ತಾಯಿ ಸುಮ್ಮನಿರಬೇಕು, ಅಷ್ಟೇ.

ಈಗ ಮೋಟಾರು ಗಾಡಿಗೆ ಬರೋಣ. ಪೆಟ್ರೋಲ್ ಎಂಜಿನ್ನಿನ ಹೊಟ್ಟೆಯಲ್ಲಿ ಪ್ಲಗ್ ಇರುತ್ತದೆ. ಪ್ಲಗ್ಗಿನ ತುದಿಯಲ್ಲಿ ಸಾವಿರಾರು ವೋಲ್ಟಿನ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಕಾರು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ. ಹಾಗೆ ನೋಡಿದರೆ ಹರ್ಟ್ಸ್ ಸಾಹೇಬರ ಪ್ರಯೋಗಶಾಲೆಯೇ ಗಾಲಿ ಕಟ್ಟಿಕೊಂಡು ರಸ್ತೆಯ ಮೇಲೆ ಹೊರಟಂತೆ. ಡೀಸೆಲ್ ಎಂಜಿನ್ನಿಗೆ ಈ ಕಿಡಿ ಬೇಡ. ಗಾಳಿಯನ್ನು ಒತ್ತಿ ಕಾಯಿಸಿದರೆ ಸಾಕು, ಎಣ್ಣೆ ತಾನೇ ಹೊತ್ತುತ್ತದೆ. ಹೀಗಾಗಿ ಅಷ್ಟು ದೊಡ್ಡ ಸದ್ದಿನ ಟ್ರ್ಯಾಕ್ಟರ್ ಅಂಗಳದಲ್ಲಿ ಗುಡುಗುತ್ತಿದ್ದರೂ ರೇಡಿಯೊ ಅಷ್ಟಾಗಿ ಕೆಡುತ್ತಿರಲಿಲ್ಲ, ಆದರೆ 1972ರಲ್ಲಿ ಬಂದ ಪುಟ್ಟ ಲೂನಾ ಬಾಗಿಲ ಮುಂದೆ ಹಾದುಹೋದರೆ ಗರಗರ ಹತ್ತುತ್ತಿತ್ತು. ಕಿವಿಗೆ ಕೇಳುವ ಸದ್ದು ಬೇರೆ, ರೇಡಿಯೊಕ್ಕೆ ಕೇಳುವ ಸದ್ದು ಬೇರೆ. ಈ ಭೇದವನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕರೆಂಟಿನ ಗಾಡಿ ಹೊಸದು ಎಂದು ನಾವು ತಿಳಿದಿದ್ದೇವೆ. ನಮ್ಮ ರಾಜ್ಯದ ರಾಜಧಾನಿಯಲ್ಲೇ ನೋಡಿ: ಮುಂಬಯಿಯಲ್ಲಿ ಕರೆಂಟಿನ ಟ್ರಾಮು 1907ರಲ್ಲಿ ಓಡಿತು, ಕರೆಂಟಿನ ರೈಲು 1925ರಲ್ಲಿ ಓಡಿತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೊ ಕೇಂದ್ರ ಅಲ್ಲಿ ಶುರುವಾದದ್ದು 1927ರ ಜುಲೈ 23ರಂದು. ಅಂದರೆ ಗಾಡಿ ಮೊದಲು, ರೇಡಿಯೊ ಆಮೇಲೆ. ಟ್ರಾಮಿನ ತಲೆಯ ಮೇಲಿನ ತಂತಿಗೂ ಅದನ್ನು ಉಜ್ಜುವ ಗಾಲಿಗೂ ನಡುವೆ ಕಿಡಿ ಹಾರುತ್ತಿತ್ತು. ಇದರಿಂದ ಮನೆಮನೆಯ ರೇಡಿಯೊ ಕೆಡುತ್ತದೆಂದು ಯುರೋಪಿನ ಊರುಗಳಲ್ಲಿ ಲೋಹದ ಬದಲು ಇಂಗಾಲದ ಪಟ್ಟಿ ಹಾಕಿಸಿದರು. ಇಂಗಾಲ ತಂತಿಯ ಮೇಲೆ ನುಣ್ಣಗೆ ಜಾರುತ್ತದೆ, ಕಿಡಿ ಕಡಿಮೆ. ಗರಗರವೂ ಕಡಿಮೆ.

ಇಲ್ಲಿಂದ ಒಂದು ದೊಡ್ಡ ಪರಂಪರೆ ಬೆಳೆಯಿತು. 1930ರಲ್ಲಿ ಅಮೆರಿಕದ ಶಿಕಾಗೋದ ಗಾಲ್ವಿನ್ ಕಂಪನಿ ಕಾರಿನಲ್ಲಿ ಕೂಡಿಸುವ ರೇಡಿಯೊ ತಂದು ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟಿತು. ರೇಡಿಯೊ ಕಾರಿನೊಳಗೇ ಬಂದು ಕೂತ ಮೇಲೆ ಕಿಡಿಯ ಕಾಟ ತಡೆಯಲೇಬೇಕಾಯಿತು. ಪ್ಲಗ್ಗಿನ ಹಾದಿಯಲ್ಲಿ ಕರೆಂಟಿನ ಜಿಗಿತವನ್ನು ತಗ್ಗಿಸುವ ರೆಸಿಸ್ಟರ್, ಡೈನಮೋಕ್ಕೆ ಕಂಡೆನ್ಸರ್, ಹೀಗೆ ಒಂದೊಂದೇ ಉಪಾಯ ಬಂದವು. 1933ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರು ಗರಗರವೇ ಇಲ್ಲದ ಪ್ರಸಾರ ಬೇಕೆಂದು ಎಫ್.ಎಂ. ಪದ್ಧತಿಗೆ ಪೇಟೆಂಟು ಪಡೆದರು. 1934ರಲ್ಲಿ ರೇಡಿಯೊ ಅಡ್ಡಿಯ ಮಿತಿ ಗೊತ್ತುಮಾಡಲು 'ಸಿಸ್ಪರ್' ಎಂಬ ಅಂತರರಾಷ್ಟ್ರೀಯ ಸಮಿತಿ ಸ್ಥಾಪನೆಯಾಯಿತು. ಎಷ್ಟು ದೂರದಲ್ಲಿ ಎಷ್ಟು ಗರಗರ ಇರಬಹುದು ಎಂದು ಅಳೆದು ಹೇಳುವುದೇ ಅದರ ಕೆಲಸ. 1952ರಲ್ಲಿ ಬ್ರಿಟನ್ ಸರಕಾರ ಗಾಡಿಯ ಕಿಡಿಗೆ ಲಗಾಮು ಹಾಕುವ ನಿಯಮ ತಂದಿತು. 1969ರಲ್ಲಿ ವಿಶ್ವಸಂಸ್ಥೆಯ ಯುರೋಪ್ ಆಯೋಗದ ಅಡಿ, ವಾಹನಗಳ ರೇಡಿಯೊ ಅಡ್ಡಿಯ ಬಗ್ಗೆ 10ನೆಯ ಕ್ರಮಾಂಕದ ನಿಯಮ ಜಾರಿಗೆ ಬಂತು. ಮುಂದೆ, ತನ್ನ ಗರಗರ ಹೊರಗೆ ಹೋಗಬಾರದು, ಹೊರಗಿನ ಗರಗರದಿಂದ ತನ್ನ ಯಂತ್ರವೂ ಕೆಡಬಾರದು ಎಂಬ ಎರಡೂ ಷರತ್ತು ಸೇರಿಕೊಂಡವು. ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಎ.ಐ.ಎಸ್. 004 ಎಂಬ ಮಾನಕವಿದೆ. ಅದನ್ನು ಪ್ರಕಟಿಸುವುದು ಪುಣೆಯ ಎ.ಆರ್.ಎ.ಐ. ಎಂಬ ವಾಹನ ಸಂಶೋಧನಾ ಸಂಸ್ಥೆ.

ಬಂಧುಗಳೇ, ಇಷ್ಟೂ ಇತಿಹಾಸದಲ್ಲಿ ಒಂದು ಮಾತು ಎದ್ದು ಕಾಣುತ್ತದೆ. ಗಾಡಿ ತಾನಾಗಿ ಸುಮ್ಮನಾಗಲಿಲ್ಲ. ಕೇಳುವವನಿಗೂ ಹಕ್ಕಿದೆ ಎಂದು ಸಮಾಜ ಒಪ್ಪಿಕೊಂಡಿತು, ಗಾಡಿ ಮಾಡುವವರು ಖರ್ಚು ಮಾಡಿ ಅದನ್ನು ಸುಮ್ಮನಾಗಿಸಿದರು.

ನಮ್ಮ ಭಾಗಕ್ಕೆ ಈ ಹಕ್ಕು ಏಕೆ ದೊಡ್ಡದು ಎಂಬುದನ್ನೂ ಹೇಳಬೇಕು. ಕನ್ನಡ ನಾಡಿನ ರೇಡಿಯೊ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಸಣ್ಣದೊಂದು ಯಂತ್ರದಿಂದ ಶುರುವಾಯಿತು. ಆ ದನಿ ಇಷ್ಟು ದೂರದ ನಮಗೆಲ್ಲಿ ಸಿಗಬೇಕು! ನಮಗೆ ಸಿಕ್ಕಿದ್ದು 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರ. ಆಗ ಧಾರವಾಡವೂ ಮುಂಬಯಿ ಪ್ರಾಂತದಲ್ಲಿತ್ತು, ಎರಡು ವರ್ಷದ ಹಿಂದೆ ಸಂಸ್ಥಾನ ವಿಲೀನವಾಗಿ ನಮ್ಮ ಜತ್ತವೂ ಅದೇ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲೇ ಉಳಿದೆವು. 1960ರಲ್ಲಿ ಮಹಾರಾಷ್ಟ್ರವಾಯಿತು, 1963ರಲ್ಲಿ ಸಾಂಗ್ಲಿಗೂ ಆಕಾಶವಾಣಿ ಬಂತು. ಅಂದಿನಿಂದ ನಮ್ಮ ರೇಡಿಯೊದ ಮುಳ್ಳು ಎರಡು ಊರಿನ ನಡುವೆ ಓಡಾಡುತ್ತ ಬಂದಿದೆ. ಮಳೆಯ ಸುದ್ದಿ, ಮಾರ್ಕೆಟ್ಟಿನ ದರ ಮರಾಠಿಯಲ್ಲಿ. ವಚನ, ನಾಟಕ, ಕೃಷಿಯ ಮಾತು ಕನ್ನಡದಲ್ಲಿ. ಮಲ್ಲಿಕಾರ್ಜುನ ಮನಸೂರರ ಗಾಯನ ಧಾರವಾಡದಿಂದ ಬಂದರೆ ಅದಕ್ಕೆ ಭಾಷೆಯ ಹಂಗೇ ಇರಲಿಲ್ಲ, ಕನ್ನಡದವರೂ ಮರಾಠಿಯವರೂ ಕೂಡಿಯೇ ಕೇಳುತ್ತಿದ್ದರು.

ಈ ಕೇಳುವಿಕೆ ಸಾಧ್ಯವಾದದ್ದು ಮಧ್ಯಮ ತರಂಗದಿಂದ. ಧಾರವಾಡದ ನಮ್ಮ ಪರಿಚಯದ ಅಂಕಿ 765 ಕಿಲೋಹರ್ಟ್ಸ್, ಅಂದರೆ ಸುಮಾರು 392 ಮೀಟರ್. ಧಾರವಾಡ ನಮಗೆ ಹಕ್ಕಿ ಹಾರುವ ದಾರಿಯಲ್ಲಿ ನೂರಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಎಫ್.ಎಂ. ಅಲೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಸುಖವಾಗಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಮಧ್ಯಮ ತರಂಗ ಮಾತ್ರ ನೆಲವನ್ನು ತಬ್ಬಿಕೊಂಡು ಹೊಳೆ, ದಿಬ್ಬ, ರಾಜ್ಯದ ಗಡಿ ಎಲ್ಲ ದಾಟಿ ಬರುತ್ತದೆ. ಆದರೆ ಅದಕ್ಕೊಂದು ದೌರ್ಬಲ್ಯ. ಅಲೆಯ ಏರಿಳಿತದಲ್ಲೇ ಅದು ಮಾತನ್ನು ಹೊತ್ತು ತರುತ್ತದೆ, ಕಿಡಿಯೂ ಅದೇ ಏರಿಳಿತವನ್ನು ಕೆಡಿಸುತ್ತದೆ. ಎಫ್.ಎಂ. ಗರಗರಕ್ಕೆ ಅಷ್ಟು ಬಗ್ಗುವುದಿಲ್ಲ, ಮಧ್ಯಮ ತರಂಗ ಬಗ್ಗುತ್ತದೆ. ಅದೂ ದೂರದಿಂದ ಸೋತು ಬಂದ ದನಿಗೆ ಹತ್ತಿರದ ಸಣ್ಣ ಗರಗರವೂ ದೊಡ್ಡದೇ. ಧಾರವಾಡದ ಪೇಟೆಯಲ್ಲಿ ಕೂತವನಿಗೆ ಗೊತ್ತಾಗದ ಅಡ್ಡಿ ಗಡಿಯ ಹಳ್ಳಿಯವನಿಗೆ ಮೊದಲು ಗೊತ್ತಾಗುತ್ತದೆ.

ಇನ್ನು ಇಂದಿನ ಕರೆಂಟಿನ ಕಾರು. ನಮ್ಮ ಕಡೆಯ ಇತಿಹಾಸದಲ್ಲಿ ಇದರ ಮೊದಲ ಹೆಸರು 'ರೇವಾ'. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಮುಂದಾಳುತನದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗೆ ಬಂದ ಪುಟ್ಟ ಕಾರು ಅದು. ಅದರಲ್ಲಿದ್ದದ್ದು 48 ವೋಲ್ಟಿನ ಸೀಸದ ಬ್ಯಾಟರಿ. ಲಂಡನ್ ನಗರದ ಬೀದಿಯಲ್ಲೂ ಅದು 'ಜಿ-ವಿಜ್' ಎಂಬ ಹೆಸರಿನಿಂದ ಓಡಿತು. 2010ರಲ್ಲಿ ಮಹೀಂದ್ರ ಕಂಪನಿ ಅದನ್ನು ಕೈಗೆ ತೆಗೆದುಕೊಂಡು 2013ರಲ್ಲಿ ಮುಂದಿನ ಕಾರು ತಂದಿತು. 2017ರಲ್ಲಿ ಕರ್ನಾಟಕ ಸರಕಾರ ವಿದ್ಯುತ್ ವಾಹನಗಳಿಗೆಂದೇ ಒಂದು ಧೋರಣೆ ಪ್ರಕಟಿಸಿತು. ಈ ಕಡೆ ನಮ್ಮ ಎಸ್.ಟಿ. ಮಹಾಮಂಡಳದ 'ಶಿವಾಯಿ' ಎಂಬ ಕರೆಂಟಿನ ಬಸ್ಸು 2022ರ ಜೂನ್ 1ರಂದು ಪುಣೆ-ಅಹಮದನಗರ ಹಾದಿಯಲ್ಲಿ ಹೊರಟಿತು. ಈಗಿನ ಕಾರುಗಳ ಬ್ಯಾಟರಿ 300, 400 ವೋಲ್ಟಿನವು.

ಈ ಕಾರಿನಲ್ಲಿ ಪ್ಲಗ್ ಇಲ್ಲ, ಕಿಡಿ ಇಲ್ಲ. ಹಾಗಾದರೆ ಗರಗರ ಎಲ್ಲಿಂದ? ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದು, ಮೋಟಾರಿಗೆ ಬೇಕಾದದ್ದು ಹಿಂದೆ ಮುಂದೆ ಹರಿಯುವ ಕರೆಂಟು. ನಡುವೆ ಕೂತು ಇದನ್ನು ಅದಾಗಿ ಮಾಡುವ ಯಂತ್ರಕ್ಕೆ ಇನ್ವರ್ಟರ್ ಎನ್ನುತ್ತಾರೆ. ಮನೆಯಲ್ಲಿ ಕರೆಂಟು ಹೋದಾಗ ದೀಪ ಉರಿಸುವ ಇನ್ವರ್ಟರಿನ ಅಣ್ಣ ಅನ್ನಿ. ಅದು ಕರೆಂಟನ್ನು ಸೆಕೆಂಡಿಗೆ ಹತ್ತು ಸಾವಿರದಷ್ಟು ಸಲ ಹಚ್ಚಿ ಆರಿಸುತ್ತದೆ. ಕಣ್ಣಿಗೆ ಕಾಣುವ ಕಿಡಿ ಇಲ್ಲದಿದ್ದರೂ, ಕರೆಂಟು ಒಮ್ಮೆಲೇ ಹತ್ತಿ ಒಮ್ಮೆಲೇ ಆರುವುದು ಇದ್ದೇ ಇದೆ.

ಭಜನೆಯ ಏಕತಾರಿ ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ತಂತಿ ಮೀಟಿದರೂ ಹೊರಡುವುದು ಒಂದು ಸ್ವರವಲ್ಲ; ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸಣ್ಣ ಸ್ವರಗಳೂ ಬೆನ್ನ ಹಿಂದೆ ಹೊರಡುತ್ತವೆ. ಇನ್ವರ್ಟರಿನ 10 ಕಿಲೋಹರ್ಟ್ಸಿನ ಮೀಟೂ ಹಾಗೆಯೇ. 20, 30, 40 ಎಂದು ಮೆಟ್ಟಿಲು ಹತ್ತುತ್ತ ಸೋಲುತ್ತ 760, 770ರ ತನಕವೂ ಹೋಗುತ್ತದೆ. ನಮ್ಮ ಧಾರವಾಡದ 765 ಈ ಎರಡು ಮೆಟ್ಟಿಲಿನ ನಡುವೆ ಸಿಕ್ಕಿಬೀಳುತ್ತದೆ. ಎಫ್.ಎಂ. ಇರುವುದು 88ರಿಂದ 108 ಮೆಗಾಹರ್ಟ್ಸಿನಲ್ಲಿ, ಬಹು ಎತ್ತರದಲ್ಲಿ. ಅಷ್ಟು ದೂರ ಏರುವಷ್ಟರಲ್ಲಿ ಈ ಮೀಟು ಬಹಳಷ್ಟು ಸೊರಗಿರುತ್ತದೆ. ಆದ್ದರಿಂದ ಕರೆಂಟಿನ ಕಾರು ರೇಡಿಯೊಕ್ಕೆ ಅಡ್ಡಿ ಮಾಡುವುದಾದರೆ ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಮಧ್ಯಮ ತರಂಗದ ಮೇಲೆ.

ಇದು ಖರ್ಚಿನ ಕಡೆಯ ಲೆಕ್ಕವಾಯಿತು. ಇನ್ನು ಜಮೆಯ ಕಡೆ. ಹತ್ತಿರದ ಇಂಥ ಅಡ್ಡಿ ದೂರ ಸರಿದಂತೆ ಬಹಳ ಬೇಗ ಕುಗ್ಗುತ್ತದೆ. ಮಧ್ಯಮ ತರಂಗದ ಅಳತೆಗೆ ಹತ್ತಾರು ಮೀಟರು ಅಂದರೆ ಮಗ್ಗುಲಲ್ಲೇ ಇದ್ದಂತೆ. ಅಷ್ಟರೊಳಗೆ ಅಂತರ ದುಪ್ಪಟ್ಟಾದರೆ ಅಡ್ಡಿ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಅದೇ ಕಾರಿನ ರೇಡಿಯೊ ಒಂದು ಮೀಟರಿನಲ್ಲಿದ್ದರೆ ಪಕ್ಕದ ಗಾಡಿಯದು ನಾಲ್ಕು ಮೀಟರಿನಲ್ಲಿರುತ್ತದೆ; ಎಂಟೆಂಟ್ಲೆ ಅರವತ್ತನಾಲ್ಕು, ಅಂದರೆ ಅಡ್ಡಿ ಅರವತ್ತನಾಲ್ಕನೆಯ ಒಂದು ಪಾಲು. ಇದಲ್ಲದೆ ಇನ್ವರ್ಟರನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿರುತ್ತಾರೆ. ಬಾನೆಟ್ ತೆರೆದರೆ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿಗೆ ಒಳಗೆ ಲೋಹದ ಜಾಳಿಗೆಯ ಅಂಗಿ ತೊಡಿಸಿರುತ್ತಾರೆ. ಫಿಲ್ಟರುಗಳನ್ನೂ ಹಾಕಿರುತ್ತಾರೆ.

ನಿಯಮದಲ್ಲೂ ಒಂದು ಸಂದು ಉಳಿದಿತ್ತು. ಪಕ್ಕದವರ ರೇಡಿಯೊ ಕಾಯುವ ಸಿಸ್ಪರ್‌ನ ಹಳೆಯ 12ನೆಯ ಮಾನಕ ಅಳೆಯುತ್ತಿದ್ದದ್ದು 30 ಮೆಗಾಹರ್ಟ್ಸಿನಿಂದ ಮೇಲಿನ ಅಡ್ಡಿಯನ್ನು ಮಾತ್ರ. ಪೆಟ್ರೋಲಿನ ಕಿಡಿಗೆ ಅದು ಸಾಕಿತ್ತು. ಕರೆಂಟಿನ ಗಾಡಿಯ ಅಡ್ಡಿ ಅದಕ್ಕಿಂತ ಕೆಳಗಿನದೆಂದು ಕಂಡಾಗ 2020ರಲ್ಲಿ ಸಿಸ್ಪರ್ 36 ಎಂಬ ಹೊಸ ಮಾನಕ ಹೊರಬಂತು. ಗಾಡಿಯಿಂದ 3 ಮೀಟರ್ ದೂರದಲ್ಲಿ 150 ಕಿಲೋಹರ್ಟ್ಸಿನಿಂದ 30 ಮೆಗಾಹರ್ಟ್ಸಿನ ತನಕ ಅಳೆಯಬೇಕೆಂದು ಅದು ಹೇಳುತ್ತದೆ. ಮಧ್ಯಮ ತರಂಗ ಇದರೊಳಗೆ ಬರುತ್ತದೆ. ಆದರೆ ಮಾನಕ ಬರೆದರೆ ಕಾಯಿದೆಯಾಗುವುದಿಲ್ಲ. ಆಯಾ ದೇಶದ ಸರಕಾರ ಅದನ್ನು ತನ್ನದಾಗಿಸಿಕೊಳ್ಳಬೇಕು.

ಈಗ ಬಾಕಿ ತೆಗೆಯೋಣ. ಒಳ್ಳೆಯ ಕಾರ್ಖಾನೆಯಿಂದ ಪರೀಕ್ಷೆಯಾಗಿ ಬಂದ ಕರೆಂಟಿನ ಕಾರು ರಸ್ತೆಯಲ್ಲಿ ನಿಮ್ಮ ಪಕ್ಕ ಹಾದುಹೋದರೆ ನಿಮ್ಮ ಗಾಡಿಯ ರೇಡಿಯೊಕ್ಕೆ ದೊಡ್ಡ ಅಪಾಯವಿಲ್ಲ. ತೀರ ಮಗ್ಗುಲಲ್ಲಿ ನಿಂತಾಗ ದೂರದ ಕೇಂದ್ರದ ಮೇಲೆ ಒಂದಿಷ್ಟು ಗುಂಯ್‌ಗುಡುವಿಕೆ ಕೇಳಬಹುದು. ಎಫ್.ಎಂ.ಗೆ ಅಷ್ಟೂ ಇಲ್ಲ. ಗಾಡಿಯ ಬ್ರೇಕು, ಸ್ಟಿಯರಿಂಗು ಕೆಡುತ್ತವೆಂಬ ಭಯಕ್ಕೆ ಆಧಾರವಿಲ್ಲ; ಹೊರಗಿನ ಅಲೆಯನ್ನು ತಡೆದುಕೊಳ್ಳುವ ಪರೀಕ್ಷೆ ಇರುವುದೇ ಅದಕ್ಕಾಗಿ. ಎಲ್ಲೋ ಜೋಡಿಸಿದ ಅಗ್ಗದ ಕಿಟ್ಟು, ಕಿತ್ತುಹೋದ ಜಾಳಿಗೆಯ ಕೇಬಲ್ಲು, ಕಳಪೆ ಚಾರ್ಜರು ಇವುಗಳ ಮಾತು ಬೇರೆ. ನಿಜ ಹೇಳಬೇಕೆಂದರೆ ಮನೆಯ ಅಗ್ಗದ ಎಲ್.ಇ.ಡಿ. ಬಲ್ಬು ಹಾದಿಯ ಕಾರಿಗಿಂತ ಹೆಚ್ಚು ಕಾಟ ಕೊಡಬಹುದು, ಏಕೆಂದರೆ ಅದು ರೇಡಿಯೊದ ತಲೆಯ ಮೇಲೇ ಇರುತ್ತದೆ.

ಆದರೆ ಬಂಧುಗಳೇ, ಲೆಕ್ಕದಲ್ಲಿ ಇನ್ನೊಂದು ಪುಟವಿದೆ, ನನಗೆ ಚಿಂತೆಯಾಗಿರುವುದು ಅದರದು. ಗರಗರದ ಪೆಟ್ಟು ಮೊದಲು ಬೀಳುವುದು ಆ ಕಾರಿನ ಸ್ವಂತ ರೇಡಿಯೊದ ಮೇಲೆ. ಅದನ್ನು ತಡೆಯಲು ಇನ್ನಷ್ಟು ಜಾಳಿಗೆ, ಇನ್ನಷ್ಟು ಫಿಲ್ಟರು ಬೇಕು. ಅದಕ್ಕೆ ದುಡ್ಡೂ ತೂಕವೂ ಹೆಚ್ಚು. ಕೆಲವು ಕಂಪನಿಗಳು ಸುಲಭದ ದಾರಿ ಹಿಡಿದವು: ಕಾರಿನಿಂದ ಮಧ್ಯಮ ತರಂಗವನ್ನೇ ತೆಗೆದುಹಾಕಿದವು. ಅಮೆರಿಕದಲ್ಲಿ 2014ರಲ್ಲಿ ಬಿ.ಎಂ.ಡಬ್ಲ್ಯೂ. ಕಂಪನಿಯ ಐ3 ಎಂಬ ಕಾರು ಹೀಗೆ ಬಂತು. ಮುಂದೆ ಟೆಸ್ಲಾ, ವೋಲ್ವೊ, ಫೋಕ್ಸ್‌ವ್ಯಾಗನ್ ಕಂಪನಿಗಳ ಕರೆಂಟಿನ ಕಾರುಗಳಲ್ಲೂ ಅದು ಹೋಯಿತು. 2022ರ ಡಿಸೆಂಬರಿನಲ್ಲಿ ಎಡ್ ಮಾರ್ಕಿ ಎಂಬ ಸೆನೆಟರು 20 ಕಂಪನಿಗಳಿಗೆ ಕಾಗದ ಬರೆದು, ನೆರೆ ಬಿರುಗಾಳಿಯ ಹೊತ್ತಿಗೆ ಜನ ನೆಚ್ಚುವ ಪ್ರಸಾರವನ್ನು ಕಾರಿನಲ್ಲಿ ಉಳಿಸಬೇಕೆಂದು ಕೇಳಿದರು. ಫೋರ್ಡ್ ಕಂಪನಿ 2023ರಲ್ಲಿ ಮಧ್ಯಮ ತರಂಗ ಬಿಡುತ್ತೇವೆಂದು ಹೇಳಿ, ಕೂಗು ಎದ್ದ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಿತು. ಪ್ರತಿ ಕಾರಿನಲ್ಲೂ ಅದು ಇರಲೇಬೇಕೆಂಬ ಮಸೂದೆಯೂ ಅಲ್ಲಿ ಮಂಡನೆಯಾಯಿತು.

ನೋಡಿ, ಇತಿಹಾಸ ಹೇಗೆ ತಿರುವು ತೆಗೆದುಕೊಂಡಿತು! ಅಂದು ರೇಡಿಯೊಕ್ಕಾಗಿ ಗಾಡಿಯ ಬಾಯಿ ಕಟ್ಟಿದರು. ಇಂದು ಗಾಡಿಗಾಗಿ ರೇಡಿಯೊದ ಬಾಯಿ ಕಟ್ಟುತ್ತಿದ್ದಾರೆ. ಗರಗರ ನಿಂತಿತೆಂದು ಸಂತೋಷಪಡುವಂತಿಲ್ಲ, ಏಕೆಂದರೆ ಅದರೊಂದಿಗೆ ಮಾತೂ ನಿಂತಿರುತ್ತದೆ.

ಫೋನಿನಲ್ಲೇ ರೇಡಿಯೊ ಸಿಗುತ್ತದಲ್ಲ ಎಂದು ಹುಡುಗರು ಕೇಳುತ್ತಾರೆ. ಸಿಗುತ್ತದೆ, ಒಳ್ಳೆಯದೇ. ಆದರೆ ಅದಕ್ಕೆ ಟವರು ಬೇಕು, ರಿಚಾರ್ಜು ಬೇಕು. 2019ರ ಮಳೆಗಾಲದಲ್ಲಿ ಕೃಷ್ಣೆಯ ಮಹಾಪೂರ ಸಾಂಗ್ಲಿಯನ್ನು ಮುಳುಗಿಸಿದ್ದನ್ನು ನಾವು ಕಂಡಿದ್ದೇವೆ; ಅಂಥ ಹೊತ್ತಿನಲ್ಲಿ ಎರಡು ಸೆಲ್ಲಿನ ಟ್ರಾನ್ಸಿಸ್ಟರಿನ ಬೆಲೆ ಬೇರೆ. ಇನ್ನೊಂದು ಕಟು ಮಾತನ್ನೂ ಹೇಳಬೇಕು. ಮಧ್ಯಮ ತರಂಗವನ್ನು ಕೈಬಿಡುತ್ತಿರುವವರು ಕಾರಿನವರು ಮಾತ್ರವಲ್ಲ. ಈಚಿನ ವರ್ಷಗಳಲ್ಲಿ ಪ್ರಸಾರ ಭಾರತಿಯೂ ದೇಶದ ಅನೇಕ ಕಡೆ ಹಳೆಯ ಮಧ್ಯಮ ತರಂಗದ ಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ಹೊರಳಿದೆ. ಊರಿನೊಳಗಿನವರಿಗೆ ಅದು ಲಾಭ. ತಮ್ಮ ಭಾಷೆಯ ಕೇಂದ್ರ ಬೇರೆ ರಾಜ್ಯದಲ್ಲಿ, ಬೇರೆ ಜಿಲ್ಲೆಯಲ್ಲಿ ಇರುವ ನಮ್ಮಂಥವರಿಗೆ ಅದು ಬೇರೆಯೇ ಲೆಕ್ಕ. ಎಫ್.ಎಂ. ತನ್ನ ಜಿಲ್ಲೆ ನೋಡಿಕೊಳ್ಳುತ್ತದೆ. ಗಡಿಯಾಚೆಗೆ ಮಾತು ದಾಟಿಸುವ ಕೆಲಸ ಮಧ್ಯಮ ತರಂಗದ್ದು.

ಆದ್ದರಿಂದ ಕೇಳುಗರಲ್ಲಿ ಮೂರು ಸೂಚನೆ. ಮೊದಲನೆಯದು, ಗಾಳಿಮಾತು ನಂಬದೆ ನೀವೇ ಪರೀಕ್ಷೆ ಮಾಡಿ. ಟ್ರಾನ್ಸಿಸ್ಟರಿನಲ್ಲಿ ದೂರದ ಒಂದು ಮಧ್ಯಮ ತರಂಗದ ಕೇಂದ್ರ ಹಚ್ಚಿಕೊಂಡು, ಚಾಲೂ ಇರುವ ಕರೆಂಟಿನ ಗಾಡಿಯ ಪಕ್ಕದಿಂದ ಹೆಜ್ಜೆ ಎಣಿಸುತ್ತ ಹಿಂದೆ ಸರಿಯಿರಿ. ಎಷ್ಟನೆಯ ಹೆಜ್ಜೆಗೆ ಗರಗರ ನಿಂತಿತೆಂದು ತಿಳಿಯುತ್ತದೆ. ರೇಡಿಯೊವನ್ನು ನಿಂತಲ್ಲೇ ನಿಧಾನ ತಿರುಗಿಸಿ ನೋಡಿ; ಅದರೊಳಗಿನ ಕಪ್ಪು ಕಡ್ಡಿಯ ಏರಿಯಲ್ಲಿಗೆ ದಿಕ್ಕಿನ ಗುಣವಿದೆ, ಒಂದು ಕಡೆಗೆ ತಿರುಗಿಸಿದಾಗ ಗರಗರ ಸಾಕಷ್ಟು ತಗ್ಗುತ್ತದೆ. ಎರಡನೆಯದು, ಹೊಸ ಗಾಡಿ ಕೊಳ್ಳುವಾಗ ಬಣ್ಣ, ಮೈಲೇಜು ಕೇಳುವಂತೆ ಇದರಲ್ಲಿ ಎ.ಎಂ. ಬರುತ್ತದೆಯೇ ಎಂದೂ ಕೇಳಿ. ಯಾರೂ ಕೇಳದ ವಸ್ತುವನ್ನು ಅಂಗಡಿಯವನು ಇಡುವುದಿಲ್ಲ. ಮೂರನೆಯದು, ಒಂದು ಕೇಂದ್ರ ನಿಮಗೆ ಎಲ್ಲಿಯವರೆಗೆ ಸ್ಪಷ್ಟವಾಗಿ ಕೇಳುತ್ತದೆ, ಎಲ್ಲಿ ಕೆಡುತ್ತದೆ ಎಂದು ಆ ಕೇಂದ್ರಕ್ಕೆ ಒಂದು ಕಾರ್ಡು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮರಾಠಿಯಲ್ಲೂ ಬರೆಯಿರಿ. ಗಡಿಯಲ್ಲಿ ಕೇಳುವವರಿದ್ದಾರೆ ಎಂಬುದಕ್ಕೆ ದಾಖಲೆ ಬೇಕು. ದಾಖಲೆ ಇಲ್ಲದ ಖಾತೆಯನ್ನು ಯಾವ ಆಫೀಸೂ ಬಹಳ ದಿನ ತೆರೆದಿಡುವುದಿಲ್ಲ.

ಕರೆಂಟಿನ ಗಾಡಿ ಬರಲಿ. ಹೊಗೆ ಇಲ್ಲ, ಪೆಟ್ರೋಲಿನ ಖರ್ಚಿಲ್ಲ, ನಮ್ಮ ಬಿಸಿಲ ಸೀಮೆಯಲ್ಲಿ ಸೌರ ವಿದ್ಯುತ್ತಿಗೂ ಕೊರತೆಯಿಲ್ಲ. ಅದರ ಮೇಲೆ ಇಲ್ಲದ ಆರೋಪ ಹೊರಿಸಬಾರದು. ಆದರೆ ಟ್ರಾಮಿಗೆ, ಪೆಟ್ರೋಲ್ ಕಾರಿಗೆ ನಮ್ಮ ಹಿಂದಿನವರು ಹಾಕಿದ ಷರತ್ತನ್ನೇ ಇದಕ್ಕೂ ಹಾಕಬೇಕು: ನೀನು ಓಡು, ನಮ್ಮ ಮಾತು ಕೇಳಿಸಿಕೊಳ್ಳಲು ಬಿಡು.